ಯಾವ ಪರೀಕ್ಷೆ? ಯಾರ ಅಳತೆ?
(ಬಾನುಲಿ ಭಾಷಣದ ಬರಹರೂಪ)

ಒಂದು ಭಾಷೆಯನ್ನು ಕಲಿಯುವುದು ಬೇರೆ. ಕಲಿತಿದ್ದೇವೆಂದು ಇನ್ನೊಬ್ಬರನ್ನು ಒಪ್ಪಿಸುವುದು ಬೇರೆ. ಮೊದಲನೆಯದಕ್ಕೆ ಗುರು ಬೇಕು, ಅಭ್ಯಾಸ ಬೇಕು, ಆಸೆ ಬೇಕು. ಎರಡನೆಯದಕ್ಕೆ ಬೇಕಾದದ್ದು ಒಂದು ಕಾಗದ. ಆ ಕಾಗದದ ಮೇಲೆ ಯಾರ ಮೊಹರು ಇರಬೇಕು, ಅದು ಎಷ್ಟು ಕಾಲ ಬಾಳುತ್ತದೆ, ಅದನ್ನು ಯಾವ ಬಾಗಿಲಲ್ಲಿ ತೋರಿಸಿದರೆ ಒಳಗೆ ಬಿಡುತ್ತಾರೆ ಎಂಬ ವಿಚಾರ ಭಾಷಾಭ್ಯಾಸಕ್ಕೆ ಸಂಬಂಧಿಸಿದ್ದಲ್ಲವೆಂದು ಮೇಲುನೋಟಕ್ಕೆ ತೋರಬಹುದು. ಆದರೆ ಇಂದು ಕುಂದಾಪುರ, ಬೈಂದೂರು, ಬ್ರಹ್ಮಾವರದ ಕಡೆಯ ಅನೇಕ ಮನೆಗಳಲ್ಲಿ ಈ ಕಾಗದದ ಪ್ರಶ್ನೆಯೇ ಒಬ್ಬ ಮಗನ ಅಥವಾ ಮಗಳ ಮುಂದಿನ ಬಾಳನ್ನು ನಿರ್ಧರಿಸುತ್ತಿದೆ. ಆದ್ದರಿಂದ ಕನ್ನಡದ ಅಧ್ಯಾಪಕನಾಗಿ ನಿವೃತ್ತನಾದ ನಾನು ಫ್ರೆಂಚ್ ಭಾಷೆಯ ಪರೀಕ್ಷೆಗಳನ್ನು ಕುರಿತು ಮಾತನಾಡಹೊರಟರೆ ತಾವು ಅಚ್ಚರಿಪಡಬೇಕಾಗಿಲ್ಲ.

ಭಾಷಾಪರೀಕ್ಷೆ ನಮ್ಮ ನಾಡಿಗೆ ಹೊಸತೇನೂ ಅಲ್ಲ. ದಕ್ಷಿಣ ಭಾರತ ಹಿಂದಿ ಪ್ರಚಾರ ಸಭೆಯ ಪ್ರಾಥಮಿಕ, ಮಧ್ಯಮಾ, ರಾಷ್ಟ್ರಭಾಷಾ, ಪ್ರವೇಶಿಕಾ, ವಿಶಾರದ, ಪ್ರವೀಣ ಎಂಬ ಮೆಟ್ಟಿಲುಗಳನ್ನು ಹತ್ತಿದವರು ನಮ್ಮ ಊರುಗಳಲ್ಲಿ ಎಷ್ಟೋ ಮಂದಿ ಇದ್ದಾರೆ. 1918ರಲ್ಲಿ ಗಾಂಧೀಜಿಯವರ ಪ್ರೇರಣೆಯಿಂದ ಮದರಾಸಿನಲ್ಲಿ ಹುಟ್ಟಿದ ಆ ಸಂಸ್ಥೆಯ ಪ್ರಮಾಣಪತ್ರಗಳು ಹಲವು ಮನೆಗಳ ಗೋಡೆಗಳ ಮೇಲೆ ಕಟ್ಟುಹಾಕಿಸಿಕೊಂಡು ಕುಳಿತಿವೆ. ಕನ್ನಡ ಸಾಹಿತ್ಯ ಪರಿಷತ್ತಿನ ಪ್ರವೇಶ, ಕಾವ, ಜಾಣ, ರತ್ನ ಪರೀಕ್ಷೆಗಳೂ ಸಾಹಿತ್ಯಾಸಕ್ತರಿಗೆ ಪರಿಚಿತವೇ. ಈ ಎಲ್ಲ ಪರೀಕ್ಷೆಗಳಲ್ಲಿ ಒಂದು ಸಮಾನಗುಣವಿದೆ: ಇವು ಮೆಟ್ಟಿಲುಗಳು. ಒಂದು ಮೆಟ್ಟಿಲಿಗೆ ಗೊತ್ತಾದ ಪಾಠವಿದೆ, ಓದಿ ಬರೆದರೆ ತೇರ್ಗಡೆ, ಆಮೇಲೆ ಮುಂದಿನ ಮೆಟ್ಟಿಲು. ಒಮ್ಮೆ ದೊರೆತ ಪತ್ರ ಮತ್ತೆ ಮಾಸುವುದಿಲ್ಲ.

ಇನ್ನೂ ಹಿಂದಕ್ಕೆ ಹೋದರೆ ಪರೀಕ್ಷೆಯ ಚಿತ್ರ ತಿರುಗುಮುರುಗಾಗಿ ಕಾಣುತ್ತದೆ. 1799ರಲ್ಲಿ ಟಿಪ್ಪುವಿನ ಪತನವಾದ ಮೇಲೆ ನಮ್ಮ ಕರಾವಳಿ ಮದರಾಸು ಆಧಿಪತ್ಯಕ್ಕೆ ಸೇರಿತು. 1812ರಲ್ಲಿ ಮದರಾಸಿನಲ್ಲಿ ಫೋರ್ಟ್ ಸೇಂಟ್ ಜಾರ್ಜ್ ಕಾಲೇಜು ಸ್ಥಾಪನೆಯಾಯಿತು. ಇಂಗ್ಲೆಂಡಿನಿಂದ ಹಡಗಿಳಿದ ಎಳೆಯ ಅಧಿಕಾರಿಗಳು ಅಲ್ಲಿ ಕುಳಿತು ತಮಿಳು, ತೆಲುಗು, ಕನ್ನಡ ಮೊದಲಾದ ಭಾಷೆಗಳನ್ನು ಕಲಿತು ಪರೀಕ್ಷೆಗೆ ಒಪ್ಪಿಸಬೇಕಾಗಿತ್ತು. ಜಾನ್ ಮೆಕೆರೆಲ್ ಎಂಬ ಅಧಿಕಾರಿ ಬರೆದ ಕನ್ನಡ ವ್ಯಾಕರಣ 1820ರಲ್ಲಿ ಮದರಾಸಿನಲ್ಲಿಯೇ ಅಚ್ಚಾಯಿತು. ರೈತನ ಅರ್ಜಿಯನ್ನು ಓದಲಾರದ ಕಲೆಕ್ಟರನಿಂದ ಕಂದಾಯ ವಸೂಲಾಗದು ಎಂಬ ವ್ಯವಹಾರಜ್ಞಾನ ಇದರ ಹಿಂದೆ ಇತ್ತು. ಅಂದು ಹೊರಗಿನಿಂದ ಬಂದವನು ನಮ್ಮ ಭಾಷೆಯಲ್ಲಿ ಪರೀಕ್ಷೆ ಕೊಟ್ಟ. ಇಂದು ಹೊರಗೆ ಹೋಗುವ ನಮ್ಮ ಮಕ್ಕಳು ಅವರ ಭಾಷೆಯಲ್ಲಿ ಪರೀಕ್ಷೆ ಕೊಡುತ್ತಿದ್ದಾರೆ. ಅಧಿಕಾರಕ್ಕೆ ಬಂದವನ ಪರೀಕ್ಷೆಗೂ ಅವಕಾಶವನ್ನು ಅರಸಿ ಹೋಗುವವನ ಪರೀಕ್ಷೆಗೂ ಅಂತರವಿದೆ, ನಿಜ. ಆದರೂ ಎರಡರಲ್ಲಿಯೂ ಕೇಳುವ ಪ್ರಶ್ನೆ ಒಂದೇ: ನೀನು ನಮ್ಮ ನಡುವೆ ಬಾಳಬಲ್ಲೆಯಾ?

ಹಾಗಾದರೆ ಫ್ರೆಂಚೇ ಏಕೆ? ನಮ್ಮ ಕರಾವಳಿಯಲ್ಲೇ ದಕ್ಷಿಣಕ್ಕೆ ಹೋದರೆ ಕಣ್ಣೂರು ದಾಟಿದೊಡನೆ ಮಾಹೆ ಸಿಗುತ್ತದೆ. 1954ರವರೆಗೆ ಅದು ಫ್ರೆಂಚರ ವಶದಲ್ಲಿತ್ತು. ಆದರೆ ನಮ್ಮ ತರುಣರಿಗೆ ಫ್ರೆಂಚ್ ಬಂದದ್ದು ಮಾಹೆಯಿಂದಲ್ಲ, ಕೆನಡಾದಿಂದ. ಆ ದೇಶದಲ್ಲಿ ಇಂಗ್ಲಿಷಿನಂತೆ ಫ್ರೆಂಚೂ ರಾಷ್ಟ್ರದ ಅಧಿಕೃತ ಭಾಷೆ. ಅಲ್ಲಿ ನೆಲೆಸಬಯಸುವ ಕುಶಲ ಉದ್ಯೋಗಿಗಳನ್ನು ವಯಸ್ಸು, ವಿದ್ಯೆ, ಅನುಭವ, ಭಾಷೆ ಇವುಗಳಿಗೆ ಅಂಕ ಕೊಟ್ಟು ಆರಿಸುವ ‘ಎಕ್ಸ್‌ಪ್ರೆಸ್ ಎಂಟ್ರಿ’ ಎಂಬ ಪದ್ಧತಿಯಿದೆ. ಫ್ರೆಂಚಿನ ನಾಲ್ಕೂ ಕೌಶಲಗಳಲ್ಲಿ ಅವರ ಮಾನದಂಡದ 7ನೆಯ ಮಟ್ಟವನ್ನು ಮುಟ್ಟಿ, ಇಂಗ್ಲಿಷಿನಲ್ಲಿಯೂ 5ನೆಯ ಮಟ್ಟವನ್ನು ತಲುಪಿದವರಿಗೆ 50 ಹೆಚ್ಚುವರಿ ಅಂಕಗಳು ದೊರೆಯುತ್ತವೆ. 2023ರಿಂದ ಈಚೆಗೆ ಫ್ರೆಂಚ್ ಬಲ್ಲವರನ್ನೇ ಪ್ರತ್ಯೇಕ ವರ್ಗವಾಗಿ ಆರಿಸುವ ಕ್ರಮವೂ ಬಂದಿದೆ. ಇಂಗ್ಲಿಷಿನ ಐಇಎಲ್‌ಟಿಎಸ್ ಪರೀಕ್ಷೆಯಲ್ಲಿ ಎಲ್ಲರೂ ಒಳ್ಳೆಯ ಅಂಕ ತೆಗೆಯುವ ಕಾಲದಲ್ಲಿ, ಒಂದೆರಡು ಅಂಕಗಳಿಗಾಗಿ ಬಾಗಿಲಲ್ಲೇ ಉಳಿದವರಿಗೆ ಫ್ರೆಂಚ್ ಒಂದು ಹೊಸ ಕಿಂಡಿಯಾಗಿ ಕಂಡದ್ದು ಸಹಜ.

ಫ್ರಾನ್ಸಿಗೇ ಹೋಗುವವರೂ ಇದ್ದಾರೆ. ಅಲ್ಲಿಯೂ ಭಾಷೆಯ ನಿಯಮ ಬಿಗಿಯಾಗಿದೆ. 2024ರ ಜನವರಿಯಲ್ಲಿ ಜಾರಿಗೆ ಬಂದ ವಲಸೆ ಕಾನೂನಿನ ಪ್ರಕಾರ, 2026ರ ಜನವರಿ 1ರಿಂದ ಅಲ್ಲಿನ ಬಹುವಾರ್ಷಿಕ ವಾಸಪತ್ರಕ್ಕೆ ಎ2, ದೀರ್ಘಾವಧಿಯ ನಿವಾಸಿಪತ್ರಕ್ಕೆ ಬಿ1, ಪೌರತ್ವಕ್ಕೆ ಬಿ2 ಎಂಬ ಮಟ್ಟಗಳು ಗೊತ್ತಾಗಿವೆ. ಈ ಎ2, ಬಿ1, ಬಿ2 ಎಂಬ ಸಂಕೇತಗಳೇನು ಎಂಬುದನ್ನು ಮೊದಲು ತಿಳಿಯದಿದ್ದರೆ ಮುಂದಿನ ಮಾತು ಯಾವುದೂ ತಿಳಿಯಲಾರದು.

ಯುರೋಪಿನ ದೇಶಗಳ ಒಕ್ಕೂಟವೊಂದು 2001ರಲ್ಲಿ ಭಾಷಾಸಾಮರ್ಥ್ಯವನ್ನು ಅಳೆಯಲು ಒಂದು ಸಮಾನ ಚೌಕಟ್ಟನ್ನು ಪ್ರಕಟಿಸಿತು. ಅದರಲ್ಲಿ ಆರು ಮಟ್ಟಗಳು: ಎ1, ಎ2, ಬಿ1, ಬಿ2, ಸಿ1, ಸಿ2. ಇವನ್ನು ನಮ್ಮ ಊರಿನ ವ್ಯವಹಾರಕ್ಕೆ ಹೊಂದಿಸಿ ನೋಡಿದರೆ ಸುಲಭವಾಗಿ ಅರ್ಥವಾಗುತ್ತದೆ. ಹೊರಗಿನವನೊಬ್ಬ ಕುಂದಾಪುರಕ್ಕೆ ಬಂದು ತನ್ನ ಹೆಸರು ಹೇಳಿ, ನೀರು ಕೇಳಿ, ಬಸ್ಸು ಎಷ್ಟು ಹೊತ್ತಿಗೆ ಎಂದು ವಿಚಾರಿಸಬಲ್ಲನಾದರೆ ಎ1. ಸಂತೆಯಲ್ಲಿ ತರಕಾರಿ ಕೊಂಡು, ಮನೆಯವರ ವಿಚಾರ ನಾಲ್ಕು ಮಾತು ಆಡಬಲ್ಲನಾದರೆ ಎ2. ಬಸ್ಸು ತಪ್ಪಿದಾಗ, ಜ್ವರ ಬಂದಾಗ, ಬಾಡಿಗೆಮನೆಯಲ್ಲಿ ತಕರಾರಾದಾಗ ಯಾರ ಸಹಾಯವೂ ಇಲ್ಲದೆ ಮಾತಾಡಿ ಪಾರಾಗಬಲ್ಲನಾದರೆ ಬಿ1. ಪಂಚಾಯತಿ ಸಭೆಯಲ್ಲಿ ನಿಂತು ರಸ್ತೆ ಇಲ್ಲಿಯೇ ಏಕೆ ಬೇಕು ಎಂದು ಕಾರಣಕೊಟ್ಟು ವಾದಿಸಿ, ಎದುರು ಮಾತಿಗೆ ಉತ್ತರ ಕೊಡಬಲ್ಲನಾದರೆ ಬಿ2. ವಕೀಲನ ಬರಹ, ವಿದ್ವಾಂಸನ ಲೇಖನ, ಮಾತಿನ ಹಿಂದಣ ಕುಹಕ ಇವು ತಿಳಿದರೆ ಸಿ1. ಆ ಭಾಷೆಯವರೊಡನೆ ಭಾಷೆಯ ಕೊರತೆಯೇ ಕಾಣದಂತೆ ಬೆರೆತರೆ ಸಿ2. ಶೂನ್ಯದಿಂದ ಬಿ2ರವರೆಗೆ ನಡೆಯಲು ಸುಮಾರು 600 ಗಂಟೆಗಳ ಪಾಠ ಬೇಕೆಂದು ಬೋಧಕರು ಅಂದಾಜು ಮಾಡುತ್ತಾರೆ. ದಿನಕ್ಕೆ ಎರಡು ಗಂಟೆಯೆಂದರೂ ಅದು ಮುನ್ನೂರು ದಿನಗಳ ಕೆಲಸ.

ಇನ್ನು ಪರೀಕ್ಷೆಗಳು. ಫ್ರೆಂಚಿನಲ್ಲಿ ಅಧಿಕೃತವಾದ ಪರೀಕ್ಷೆಗಳು ಹಲವು. ಅವನ್ನು ಎರಡು ಜಾತಿಯಾಗಿ ವಿಂಗಡಿಸಿಕೊಂಡರೆ ಗೊಂದಲ ಅರ್ಧಕ್ಕರ್ಧ ಕಡಿಮೆಯಾಗುತ್ತದೆ. ಮೊದಲನೆಯ ಜಾತಿ ಪದವಿ, ಎರಡನೆಯದು ಅಳತೆ.

ಪದವಿಯ ಜಾತಿಗೆ ಸೇರಿದವು ಡೆಲ್ಫ್ ಮತ್ತು ದಾಲ್ಫ್. 1985ರಲ್ಲಿ ಫ್ರಾನ್ಸಿನ ಶಿಕ್ಷಣ ಸಚಿವಾಲಯ ಇವನ್ನು ಸ್ಥಾಪಿಸಿತು. ಪ್ಯಾರಿಸ್ಸಿನ ಸಮೀಪದ ಸೆವ್ರ್ ಎಂಬ ಊರಿನಲ್ಲಿರುವ ಸಾರ್ವಜನಿಕ ಸಂಸ್ಥೆಯೊಂದು ಇವುಗಳ ಆಡಳಿತ ನೋಡಿಕೊಳ್ಳುತ್ತದೆ. 2019ರಿಂದ ಅದರ ಹೆಸರು ಫ್ರಾನ್ಸ್ ಎದ್ಯುಕಾಸಿಯೋಂ ಆಂತರ್‌ನಾಸಿಯೊನಾಲ್. ಎ1ರಿಂದ ಬಿ2ರವರೆಗಿನ ನಾಲ್ಕು ಮಟ್ಟಗಳಿಗೆ ಡೆಲ್ಫ್. ಸಿ1, ಸಿ2ಗಳಿಗೆ ದಾಲ್ಫ್. ಇಲ್ಲಿ ಅಭ್ಯರ್ಥಿ ತಾನೇ ತನ್ನ ಮಟ್ಟವನ್ನು ಆರಿಸಿಕೊಳ್ಳಬೇಕು. ಕೆಳಗಿನ ಮೆಟ್ಟಿಲನ್ನು ಹತ್ತಿಯೇ ಮೇಲಕ್ಕೆ ಬರಬೇಕೆಂಬ ಕಡ್ಡಾಯವಿಲ್ಲ. ಧೈರ್ಯವಿದ್ದವನು ನೇರವಾಗಿ ಬಿ2ಕ್ಕೆ ಕುಳಿತುಕೊಳ್ಳಬಹುದು. ಕೇಳುವುದು, ಓದುವುದು, ಬರೆಯುವುದು, ಮಾತಾಡುವುದು ಎಂಬ ನಾಲ್ಕು ಭಾಗಗಳಿಗೆ ತಲಾ 25ರಂತೆ 100 ಅಂಕ. ಒಟ್ಟು 50 ಬಂದು, ಯಾವ ಭಾಗದಲ್ಲಿಯೂ 5ಕ್ಕಿಂತ ಕಡಿಮೆಯಾಗದಿದ್ದರೆ ತೇರ್ಗಡೆ. ಆ ಪತ್ರಕ್ಕೆ ಅವಧಿಯ ಮಿತಿಯಿಲ್ಲ, ಜೀವಮಾನವಿಡೀ ಅದು ನಿಮ್ಮದೇ. ತೇರ್ಗಡೆಯಾಗದಿದ್ದರೆ ಮಾತ್ರ ಕೈಗೆ ಪದವಿ ಸಿಗುವುದಿಲ್ಲ.

ಅಳತೆಯ ಜಾತಿಗೆ ಸೇರಿದವು ಟಿಸಿಎಫ್ ಮತ್ತು ಟಿಇಎಫ್. ಮೊದಲನೆಯದು ಡೆಲ್ಫ್ ನಡೆಸುವ ಸಂಸ್ಥೆಯದೇ. ಎರಡನೆಯದು ಪ್ಯಾರಿಸ್ಸಿನ ವಾಣಿಜ್ಯ ಮಂಡಲಿಯದು. ಇವುಗಳಲ್ಲಿ ತೇರ್ಗಡೆಯೂ ಇಲ್ಲ, ಅನುತ್ತೀರ್ಣವೂ ಇಲ್ಲ. ಎಲ್ಲರಿಗೂ ಒಂದೇ ಬಗೆಯ ಪ್ರಶ್ನೆಪತ್ರಿಕೆ. ಉತ್ತರಗಳನ್ನು ನೋಡಿ ನೀವು ಯಾವ ಮಟ್ಟದಲ್ಲಿದ್ದೀರಿ ಎಂದು ಅದು ಹೇಳುತ್ತದೆ. ಹೊಳೆಯ ನೀರಿಗೆ ಗಳ ಇಳಿಸಿ ಆಳ ನೋಡುವ ದೋಣಿಕಾರನ ಕೆಲಸವನ್ನು ಇದಕ್ಕೆ ಹೋಲಿಸಬಹುದು. ಈ ಹೊತ್ತಿನ ಆಳ ಇಷ್ಟು ಎಂದು ಗಳ ಹೇಳುತ್ತದೆ. ಮುಂದಿನ ಮಳೆಗಾಲದ ಮಾತು ಅದಕ್ಕೆ ತಿಳಿಯದು. ಆದ್ದರಿಂದಲೇ ಇವುಗಳ ಫಲಿತಾಂಶಕ್ಕೆ ಎರಡೇ ವರ್ಷಗಳ ಆಯುಸ್ಸು. ಭಾಷೆ ಬಳಸದಿದ್ದರೆ ತುಕ್ಕು ಹಿಡಿಯುತ್ತದೆಂಬ ಸತ್ಯವನ್ನು ಈ ಪರೀಕ್ಷೆಗಳು ಒಪ್ಪಿಕೊಂಡಂತಿದೆ.

ಅಳತೆಯ ಪರೀಕ್ಷೆಗಳಿಗೆ ಮತ್ತೆ ಒಳಭೇದಗಳಿವೆ. ಕೆನಡಾಕ್ಕೆ ಹೋಗುವವರಿಗೆ ಟಿಸಿಎಫ್ ಕೆನಡಾ ಅಥವಾ ಟಿಇಎಫ್ ಕೆನಡಾ. ಕೆಬೆಕ್ ಪ್ರಾಂತಕ್ಕಾಗಿ ಬೇರೆ ರೂಪಗಳು. ಫ್ರಾನ್ಸಿನಲ್ಲಿ ವಾಸ ಹಾಗೂ ಪೌರತ್ವಕ್ಕಾಗಿ ಐಆರ್‌ಎನ್ ಎಂಬ ರೂಪ. ಹೆಸರಿನ ಮೊದಲ ಮೂರಕ್ಷರ ಒಂದೇ ಎಂದು ಒಂದರ ಬದಲು ಇನ್ನೊಂದಕ್ಕೆ ಹಣಕಟ್ಟಿದರೆ ಆ ಹಣ ಹೊಳೆಗೆ ಹಾಕಿದಂತೆಯೇ ಸರಿ.

ಈ ಭೇದ ಎಷ್ಟು ಮುಖ್ಯವೆಂಬುದನ್ನು ನನಗೆ ಮನಗಾಣಿಸಿದವಳು ನನ್ನ ಹಳೆಯ ವಿದ್ಯಾರ್ಥಿನಿ. ಬೈಂದೂರಿನ ಕಡೆಯ ಮೀನುಗಾರ ಮನೆತನದ ಹುಡುಗಿ. ಪದವಿ ತರಗತಿಯಲ್ಲಿ ನನ್ನ ಬಳಿ ಕನ್ನಡ ಕಲಿತವಳು, ಆಮೇಲೆ ಲೆಕ್ಕಪತ್ರದ ಉದ್ಯೋಗಕ್ಕೆ ಬೆಂಗಳೂರಿಗೆ ಹೋದಳು. ವಿದೇಶಕ್ಕೆ ಕಳುಹಿಸುವ ಸಲಹೆ ಕೊಡುವ ಕಚೇರಿಯೊಂದರ ಮಾತು ಕೇಳಿ ಕೆನಡಾಕ್ಕಾಗಿ ಎರಡು ವರ್ಷ ಫ್ರೆಂಚ್ ಕಲಿತು, ಡೆಲ್ಫ್ ಬಿ2ದಲ್ಲಿ ತೇರ್ಗಡೆಯಾದಳು. ಮನೆಯಲ್ಲಿ ಹಬ್ಬದ ಸಂಭ್ರಮ. ಎಕ್ಸ್‌ಪ್ರೆಸ್ ಎಂಟ್ರಿಯ ಅರ್ಜಿ ತುಂಬುವ ಹೊತ್ತಿಗೆ ತಿಳಿಯಿತು: ಅಲ್ಲಿ ಆ ಪದವಿಗೆ ಜಾಗವೇ ಇಲ್ಲ, ಟಿಸಿಎಫ್ ಕೆನಡಾ ಅಥವಾ ಟಿಇಎಫ್ ಕೆನಡಾ, ಇವೆರಡರಲ್ಲಿ ಒಂದರ ಫಲಿತಾಂಶವನ್ನಷ್ಟೇ ಸ್ವೀಕರಿಸುತ್ತಾರೆ. ಊರಿಗೆ ಬಂದಾಗ ತಂದೆಯೊಡನೆ ನಮ್ಮ ಮನೆಗೆ ಬಂದಳು. ಅವಳಿಗಿಂತ ಹೆಚ್ಚಾಗಿ ಕುಗ್ಗಿದವರು ಅವಳ ತಂದೆ.

“ಪಾಸ್ ಆಯ್ತಲೆ ಮಾಷ್ಟ್ರೆ, ಇನ್ನೊಂದ್ ಪರೀಕ್ಷೆ ಎಂತಕೆ?” ಎಂದು ಅವರು ಕೇಳಿದರು.

ಆ ಪ್ರಶ್ನೆ ನ್ಯಾಯವಾದದ್ದು. ಭಾಷೆ ಅದೇ, ಮಟ್ಟ ಅದೇ, ನಡೆಸುವ ಸಂಸ್ಥೆಯೂ ಅದೇ. ಹಾಗಿರುವಾಗ ಒಂದರ ಬದಲು ಇನ್ನೊಂದು ಏಕೆ ಸಲ್ಲದು? ಸೇರಿನಲ್ಲಿ ಅಳೆದ ಅಕ್ಕಿಯನ್ನು ತಕ್ಕಡಿಯ ಲೆಕ್ಕ ಕೇಳುವ ಅಂಗಡಿಗೆ ಒಯ್ದರೆ ಅವನು ಮತ್ತೆ ತೂಗಿಯೇ ಕೊಳ್ಳುತ್ತಾನೆ, ಅಕ್ಕಿಯಲ್ಲಿ ದೋಷವಿದೆ ಎಂದಲ್ಲ ಎಂದು ನಾನು ಹೇಳಿದೆ. ಆದರೆ ಆ ಹುಡುಗಿಯ ಅಂಕಪಟ್ಟಿಯನ್ನು ಬಿಡಿಸಿ ನೋಡಿದಾಗ ಇನ್ನೂ ಒಂದು ಕಾರಣ ಕಂಡಿತು. ಕೇಳುವುದರಲ್ಲಿ 9, ಓದುವುದರಲ್ಲಿ 18, ಬರೆಯುವುದರಲ್ಲಿ 17, ಮಾತಿನಲ್ಲಿ 16, ಒಟ್ಟು 60. ಡೆಲ್ಫ್ ಪದ್ಧತಿಯಲ್ಲಿ ಒಂದು ಭಾಗದ ಬಡತನವನ್ನು ಇನ್ನೊಂದು ಭಾಗದ ಸಿರಿ ತುಂಬಿಕೊಡುತ್ತದೆ. ಕೆನಡಾದವರು ಹಾಗೆ ಒಟ್ಟುಗೂಡಿಸಿ ನೋಡುವುದಿಲ್ಲ. ನಾಲ್ಕು ಕೌಶಲಗಳನ್ನೂ ಬೇರೆಬೇರೆಯಾಗಿ ನೋಡುತ್ತಾರೆ. ನಾಲ್ಕು ಕಾಲುಗಳ ಮಂಚದಲ್ಲಿ ಒಂದು ಕಾಲು ಗಿಡ್ಡವಾದರೆ ಮಿಕ್ಕ ಮೂರು ಎಷ್ಟು ಉದ್ದವಾಗಿದ್ದರೇನು?

ಟಿಸಿಎಫ್ ಕೆನಡಾದ ಅಂಕಗಳನ್ನೇ ಉದಾಹರಣೆಗೆ ತೆಗೆದುಕೊಳ್ಳೋಣ. ಕೇಳುವಿಕೆ ಮತ್ತು ಓದು ಇವುಗಳಲ್ಲಿ 400ರಿಂದ 499ರವರೆಗೆ ಬಿ2 ಮಟ್ಟ. ಆದರೆ ಕೆನಡಾದ 7ನೆಯ ಮಟ್ಟಕ್ಕೆ ಕೇಳುವಿಕೆಯಲ್ಲಿ 458, ಓದಿನಲ್ಲಿ 453 ಬರಬೇಕು. ಎಂದರೆ ಬಿ2ದ ಹೊಸ್ತಿಲು ದಾಟಿದರೆ ಸಾಲದು, ನಡುಮನೆಗೆ ಬರಬೇಕು. ಬರಹ ಮತ್ತು ಮಾತುಗಳಲ್ಲಾದರೋ 20ಕ್ಕೆ 10 ಬಂದರೆ ಸಾಕು; ಅದು ಬಿ2ದ ಹೊಸ್ತಿಲೇ. ಆದ್ದರಿಂದ ‘ನನಗೆ ಬಿ2 ಇದೆ’ ಎಂಬ ಮಾತು ಅರ್ಧ ಮಾತು. ಯಾವ ಕೌಶಲದಲ್ಲಿ, ಬಿ2ದ ಯಾವ ಮೂಲೆಯಲ್ಲಿ ಎಂಬುದನ್ನೂ ಸೇರಿಸಿದಾಗಲೇ ಅದು ಪೂರ್ತಿ ಮಾತಾಗುತ್ತದೆ.

ಕೇಳುವಿಕೆಯೇ ನಮ್ಮವರಿಗೆ ಕಷ್ಟವಾಗುವುದಕ್ಕೆ ಕಾರಣವುಂಟು. ನಾವು ಕನ್ನಡದಲ್ಲಿ ಬರೆದಂತೆ ಓದುವವರು. ಒಂದೊಂದು ಅಕ್ಷರಕ್ಕೂ ದನಿಯುಂಟು ಎಂದು ನಂಬಿ ಬೆಳೆದವರು. ಫ್ರೆಂಚಿನಲ್ಲಿ ಪದದ ಕೊನೆಯ ವ್ಯಂಜನಗಳು ಬಹುಮಟ್ಟಿಗೆ ಮೌನವ್ರತ ಹಿಡಿಯುತ್ತವೆ. ಮುಂದಿನ ಪದ ಸ್ವರದಿಂದ ಮೊದಲಾದರೆ ಕೆಲವು ಥಟ್ಟನೆ ಬಾಯಿಬಿಡುತ್ತವೆ. ನಮ್ಮ ಸಂಧಿಯನ್ನು ಬಲ್ಲವರಿಗೆ ಇದು ತೀರಾ ಹೊಸತಲ್ಲವಾದರೂ ಓಡುವ ಮಾತಿನಲ್ಲಿ ಅದನ್ನು ಹಿಡಿಯುವುದು ಸುಲಭವಲ್ಲ. ಅಂಕೆಗಳದಂತೂ ಒಂದು ಸೋಜಿಗ. ಎಪ್ಪತ್ತಕ್ಕೆ ಫ್ರಾನ್ಸಿನವರು ‘ಅರವತ್ತು-ಹತ್ತು’ ಎನ್ನುತ್ತಾರೆ. ಎಂಬತ್ತಕ್ಕೆ ‘ನಾಲ್ಕು ಇಪ್ಪತ್ತು’. ತೊಂಬತ್ತೊಂಬತ್ತಕ್ಕೆ ‘ನಾಲ್ಕು ಇಪ್ಪತ್ತು ಹತ್ತೊಂಬತ್ತು’. ಬೆಲ್ಜಿಯಂ, ಸ್ವಿಟ್ಜರ್ಲೆಂಡುಗಳಲ್ಲಿ ಎಪ್ಪತ್ತಕ್ಕೆ ಬೇರೆಯೇ ಒಂದು ಪದವಿದೆ. ಫೋನಿನಲ್ಲಿ ಹೇಳಿದ ಒಂದು ನಂಬರನ್ನು ಗುರುತುಹಾಕಿಕೊಳ್ಳುವಷ್ಟರಲ್ಲಿ ಮಗ್ಗಿ ಹೇಳಿದಂತಾಗುತ್ತದೆ. ಟಿಸಿಎಫ್ ಕೆನಡಾದ ಕೇಳುವಿಕೆಯಲ್ಲಿ 35 ನಿಮಿಷಗಳಲ್ಲಿ 39 ಪ್ರಶ್ನೆಗಳು. ಸುಲಭದಿಂದ ಕಠಿಣದ ಕಡೆಗೆ ಅವು ಏರುತ್ತವೆ. ಧ್ವನಿಯನ್ನು ಕೇಳಿಸುವುದು ಒಂದೇ ಸಲ. ಡೆಲ್ಫ್‌ನಲ್ಲಿ ಕೆಲವು ಧ್ವನಿಮುದ್ರಣಗಳನ್ನು ಎರಡು ಬಾರಿ ಕೇಳಿಸುವುದುಂಟು. ಮೇಲೆ ಹೇಳಿದ ಹುಡುಗಿಗೆ ಇದ್ದ ಆಸರೆ ಎರಡನೆಯ ಸಲದ ಆ ಕೇಳುವಿಕೆಯೇ ಆಗಿತ್ತು.

ಮಾತಿನ ಪರೀಕ್ಷೆಯ ಭೇದವನ್ನು ತಾಳಮದ್ದಳೆ ಬಲ್ಲ ನಮ್ಮ ಜನಕ್ಕೆ ಹೆಚ್ಚು ವಿವರಿಸಬೇಕಾಗಿಲ್ಲ. ಡೆಲ್ಫ್ ಬಿ2ದಲ್ಲಿ ಅಭ್ಯರ್ಥಿಗೆ ಒಂದು ಸಣ್ಣ ಬರಹ ಕೊಟ್ಟು 30 ನಿಮಿಷ ಸಿದ್ಧತೆಗೆ ಬಿಡುತ್ತಾರೆ. ಆಮೇಲೆ ಸುಮಾರು 20 ನಿಮಿಷ ಅವನು ತನ್ನ ಅಭಿಪ್ರಾಯವನ್ನು ಮಂಡಿಸಿ ಪರೀಕ್ಷಕರೊಡನೆ ವಾದಿಸಬೇಕು. ಪ್ರಸಂಗ ಯಾವುದು, ತನ್ನ ಪಾತ್ರ ಯಾವುದು ಎಂದು ಮೊದಲೇ ತಿಳಿದುಕೊಂಡು ಬಂದ ಅರ್ಥಧಾರಿಯ ಹಾಗೆ. ಟಿಸಿಎಫ್ ಕೆನಡಾದಲ್ಲಿ ಒಟ್ಟು 12 ನಿಮಿಷಗಳಲ್ಲಿ ಮೂರು ಕೆಲಸ. ಮೊದಲನೆಯದಕ್ಕೂ ಕೊನೆಯ ವಾದಕ್ಕೂ ಸಿದ್ಧತೆಯ ಅವಕಾಶವೇ ಇಲ್ಲ. ಕರ್ಣನ ಅರ್ಥ ಹೇಳಬೇಕಾದವರು ಬಾರದೆ ಹೋದಾಗ ಸಭೆಯಿಂದ ಒಬ್ಬನನ್ನು ಎಬ್ಬಿಸಿ ಕೂರಿಸಿದ ಹಾಗೆ. ಟಿಇಎಫ್ ಕೆನಡಾದ ರೀತಿ ಮತ್ತೊಂದು: 15 ನಿಮಿಷಗಳಲ್ಲಿ, ಮೊದಲು ಒಂದು ಜಾಹೀರಾತನ್ನು ನೋಡಿ ಫೋನಿನಲ್ಲಿ ವಿಚಾರಿಸಿದಂತೆ ಪ್ರಶ್ನೆಗಳನ್ನು ಕೇಳಬೇಕು, ಬಳಿಕ ಒಲ್ಲೆನೆನ್ನುವ ಗೆಳೆಯನನ್ನು ಒಂದು ಕೆಲಸಕ್ಕೆ ಒಪ್ಪಿಸಬೇಕು. ಬರಹದಲ್ಲಿಯೂ ಹೀಗೆಯೇ: ಟಿಇಎಫ್‌ನಲ್ಲಿ ಅರ್ಧಕ್ಕೆ ನಿಂತ ಒಂದು ಪತ್ರಿಕಾಸುದ್ದಿಯನ್ನು ಮುಂದುವರಿಸಿ, ಆಮೇಲೆ ಒಂದು ಅಭಿಪ್ರಾಯಕ್ಕೆ ಕಾರಣಕೊಟ್ಟು ಪತ್ರ ಬರೆಯಬೇಕು, ಟಿಸಿಎಫ್‌ನಲ್ಲಿ ಮೂರು ಸಣ್ಣ ಬರಹಗಳು.

ಹೀಗಿರಲು, ಆರಿಸುವುದು ಹೇಗೆ? ನನ್ನ ಮನೆಗೆ ಬಂದು ವಿಚಾರಿಸುವ ತರುಣರಿಗೆ ನಾನು ಮೂರು ಪ್ರಶ್ನೆಗಳನ್ನು ಕೇಳಿಕೊಳ್ಳಲು ಹೇಳುತ್ತೇನೆ; ಅದೇ ಕ್ರಮದಲ್ಲಿ.

ಮೊದಲನೆಯದು: ಈ ಕಾಗದವನ್ನು ಕೇಳುವವರು ಯಾರು? ಕೆನಡಾದ ಎಕ್ಸ್‌ಪ್ರೆಸ್ ಎಂಟ್ರಿಯಾದರೆ ಟಿಸಿಎಫ್ ಕೆನಡಾ ಅಥವಾ ಟಿಇಎಫ್ ಕೆನಡಾ, ಬೇರೆ ಮಾತಿಲ್ಲ. ಕೆಬೆಕ್ ಪ್ರಾಂತಕ್ಕೆ ತನ್ನದೇ ಆದ ಆಯ್ಕೆಯ ವ್ಯವಸ್ಥೆಯಿದೆ. ಅಲ್ಲಿ ಡೆಲ್ಫ್, ದಾಲ್ಫ್‌ಗಳಿಗೂ ಮನ್ನಣೆಯುಂಟು. ಫ್ರಾನ್ಸಿನ ವಿಶ್ವವಿದ್ಯಾಲಯದಲ್ಲಿ ಫ್ರೆಂಚ್ ಮಾಧ್ಯಮದಲ್ಲಿ ಓದಬೇಕಾದರೆ ಡೆಲ್ಫ್ ಬಿ2 ಉತ್ತಮ. ಪ್ರವೇಶದ ಭಾಷಾಪರೀಕ್ಷೆಯಿಂದ ಅದು ವಿನಾಯಿತಿ ಕೊಡಿಸುತ್ತದೆ. ಯಾರೂ ಕೇಳುತ್ತಿಲ್ಲ, ಕಲಿತದ್ದಕ್ಕೆ ಒಂದು ಗುರುತು ಬೇಕು ಎಂಬವರಿಗೂ, ಶಾಲೆಯಲ್ಲಿ ಓದುವ ಮಕ್ಕಳಿಗೂ ಡೆಲ್ಫ್ ಲೇಸು. ಈ ನಿಯಮಗಳನ್ನು ತಿಳಿಯಬೇಕಾದದ್ದು ಆಯಾ ಸರ್ಕಾರದ, ಆಯಾ ವಿಶ್ವವಿದ್ಯಾಲಯದ ಅಧಿಕೃತ ಪ್ರಕಟಣೆಯಿಂದ, ನಡುವಿನವರ ಬಾಯಿಂದಲ್ಲ. ಹಣ ಕಟ್ಟುವ ದಿನ ಮತ್ತೊಮ್ಮೆ ಓದಿಕೊಳ್ಳಬೇಕು, ಏಕೆಂದರೆ ನಿಯಮಗಳು ಬದಲಾಗುತ್ತವೆ.

ಎರಡನೆಯದು: ಯಾವಾಗ ಕೇಳುತ್ತಾರೆ? ಅಳತೆಯ ಪರೀಕ್ಷೆಯ ಫಲಿತಾಂಶಕ್ಕೆ ಎರಡು ವರ್ಷಗಳ ಆಯುಸ್ಸು ಎಂದೆನಲ್ಲವೆ? ಅರ್ಜಿ ಸಲ್ಲಿಸುವ ದಿನಕ್ಕೆ ಅದು ಜೀವಂತವಾಗಿರಬೇಕು. ಪದವಿ ಮುಗಿಸಿ, ಮೂರು ವರ್ಷ ಅನುಭವ ಗಳಿಸಿ ಆಮೇಲೆ ಅರ್ಜಿ ಹಾಕುವೆನೆನ್ನುವವನು ಈಗಲೇ ಟಿಇಎಫ್‌ಗೆ ಕುಳಿತರೆ, ಬಾಗಿಲು ತಟ್ಟುವ ಹೊತ್ತಿಗೆ ಕೈಯ ಕಾಗದ ಹಳತಾಗಿರುತ್ತದೆ. ಅಂಥವನು ಸದ್ಯಕ್ಕೆ ಡೆಲ್ಫ್ ಬಿ1 ಅಥವಾ ಬಿ2ವನ್ನು ಕಲಿಕೆಯ ಮೈಲಿಗಲ್ಲಾಗಿ ಇರಿಸಿಕೊಂಡು, ಅರ್ಜಿಯ ಕಾಲ ಸಮೀಪಿಸಿದಾಗ ಅಳತೆಯ ಪರೀಕ್ಷೆಗೆ ಹೋಗುವುದು ಜಾಣತನ. ಗುರಿಯಿರಿಸಿ ಓದುವವನಿಗೆ ಡೆಲ್ಫ್ ಒಳ್ಳೆಯ ಗುರು. ಅರ್ಜಿದಾರನಿಗೆ ಟಿಸಿಎಫ್, ಟಿಇಎಫ್‌ಗಳು ಒಳ್ಳೆಯ ಸಾಕ್ಷಿ.

ಮೂರನೆಯದು: ನನ್ನ ಗಿಡ್ಡ ಕಾಲು ಯಾವುದು? ಟಿಸಿಎಫ್, ಟಿಇಎಫ್ ಎರಡೂ ಸಲ್ಲುವೆಡೆಯಲ್ಲಿ ಯಾವುದು ಸುಲಭ ಎಂದು ಕೇಳುವವರುಂಟು. ಸುಲಭವಾದದ್ದೆಂಬುದಿಲ್ಲ, ತನಗೆ ಒಗ್ಗುವುದು ಎಂಬುದುಂಟು. ಪ್ರಶ್ನೆ ಕೇಳಿ, ಮಾತಿಗೆ ಮಾತು ಜೋಡಿಸಿ ಎದುರಿನವನನ್ನು ಒಲಿಸುವ ಚಾತುರ್ಯವಿದ್ದವರಿಗೆ ಟಿಇಎಫ್ ಹೊಂದಬಹುದು. ಚಿಕ್ಕಚಿಕ್ಕ ಕೆಲಸಗಳಲ್ಲಿ ಅಚ್ಚುಕಟ್ಟಾಗಿ ಬರೆಯುವವರಿಗೆ ಟಿಸಿಎಫ್ ಒಗ್ಗಬಹುದು. ಎರಡರ ಮಾದರಿ ಪತ್ರಿಕೆಗಳನ್ನೂ ಗಡಿಯಾರವಿಟ್ಟು ಮನೆಯಲ್ಲಿಯೇ ಬರೆದು ನೋಡಿ, ಅತ್ಯಂತ ಕಡಿಮೆ ಬಂದ ಕೌಶಲದಲ್ಲಿ ಯಾವುದು ಹೆಚ್ಚು ಕೊಟ್ಟಿತೋ ಅದನ್ನು ಆರಿಸಿಕೊಳ್ಳಬೇಕು. ಒಟ್ಟು ಮೊತ್ತವನ್ನು ನೋಡಿ ಆರಿಸಿದವನು ಮೋಸಹೋಗುತ್ತಾನೆ.

ವೆಚ್ಚದ ಮಾತನ್ನೂ ಆಡದೆ ವಿಧಿಯಿಲ್ಲ. ಕೆನಡಾದ ಈ ಪರೀಕ್ಷೆಗಳ ಶುಲ್ಕ ಸಾಮಾನ್ಯವಾಗಿ ಐದಂಕಿಯದು. ಮಣಿಪಾಲದ ವಿಶ್ವವಿದ್ಯಾಲಯದಲ್ಲಿ ಯುರೋಪಿನ ಭಾಷೆಗಳನ್ನು ಕಲಿಸುತ್ತಾರೆ. ಮನೆಯಲ್ಲಿ ಕುಳಿತೇ ದೂರದ ಗುರುವಿನಿಂದ ಕಲಿಯುವ ಅನುಕೂಲವೂ ಈಗ ಇದೆ. ಆದರೆ ಪರೀಕ್ಷೆಗೆ ನಮ್ಮ ಹುಡುಗರು ಬಹುಮಟ್ಟಿಗೆ ಬೆಂಗಳೂರಿನ ಅಲಿಯಾನ್ಸ್ ಫ್ರಾನ್ಸೇಸನ್ನೇ ನೆಚ್ಚಬೇಕು. ಡೆಲ್ಫ್ ನಡೆಯುವುದು ವರ್ಷದಲ್ಲಿ ಕೆಲವೇ ಸಲ. ನಮ್ಮ ಹೊಳೆಯ ಹೆಸರು ಹೊತ್ತ ಪಂಚಗಂಗಾ ಎಕ್ಸ್‌ಪ್ರೆಸ್ಸಿನಲ್ಲಿ ರಾತ್ರಿಯೆಲ್ಲ ಪ್ರಯಾಣಮಾಡಿ, ನಿದ್ದೆಗಣ್ಣಿನಲ್ಲಿ ಒಂದೇ ಸಲ ಕೇಳಿಸುವ ಧ್ವನಿಗೆ ಕಿವಿಗೊಡುವುದಕ್ಕಿಂತ, ಹಿಂದಿನ ದಿನವೇ ಹೋಗಿ ತಂಗುವುದು ಉಳಿತಾಯವೇ ಹೊರತು ದುಂದಲ್ಲ.

ಇಷ್ಟು ವ್ಯವಹಾರದ ಮಾತಾಯಿತು. ಆದರೆ ಸಾಹಿತ್ಯವನ್ನು ಪ್ರೀತಿಸುವ ತಮ್ಮ ಮನಸ್ಸಿನಲ್ಲಿ ಮತ್ತೊಂದು ಪ್ರಶ್ನೆ ಎದ್ದಿರಬಹುದು: ಭಾಷೆಯನ್ನು ಹೀಗೆ ಅಂಕಗಳಿಗೆ ಇಳಿಸುವುದು ಸರಿಯೆ? ನಮ್ಮ ಪೀಳಿಗೆಯವರು ಬೋದಿಲೇರನನ್ನು ಲಂಕೇಶರ ‘ಪಾಪದ ಹೂಗಳು’ ಮೂಲಕ ಕನ್ನಡದಲ್ಲಿ ಓದಿದವರು. ನಮಗೆ ಫ್ರೆಂಚ್ ಎಂದರೆ ಕಾವ್ಯದ, ಕಾದಂಬರಿಯ ಭಾಷೆ. ಇಂದಿನ ಹುಡುಗಿಗೆ ಅದು 458ರ ಭಾಷೆ. ಇದು ಅವನತಿಯೆಂದು ಹಳಹಳಿಸುವುದು ಸುಲಭ. ನಾನು ಹಾಗೆ ಹಳಹಳಿಸಲಾರೆ. ಹೊಟ್ಟೆಯ ಪಾಡಿಗಾಗಿ ಕಲಿತ ಭಾಷೆಯೂ ಹೃದಯಕ್ಕೆ ಇಳಿದ ನಿದರ್ಶನಗಳಿವೆ. ಧರ್ಮಪ್ರಚಾರದ ಕೆಲಸಕ್ಕಾಗಿ ಕನ್ನಡ ಕಲಿತ ಜರ್ಮನಿಯ ಕಿಟ್ಟೆಲ್ 1894ರಲ್ಲಿ ನಮಗೆ ಕೊಟ್ಟುಹೋದದ್ದು ಒಂದು ಮಹಾನಿಘಂಟು. ಯಾವ ಉದ್ದೇಶದಿಂದ ಕಲಿತರೂ ಭಾಷೆ ತನ್ನ ಪಾಲನ್ನು ಕೇಳಿ ಪಡೆಯುತ್ತದೆ.

ನನ್ನನ್ನು ಹೆಚ್ಚು ಕಾಡುವುದು ಬೇರೊಂದು ಸಂಗತಿ. ಅಳತೆಗೋಲು ಯಾವಾಗಲೂ ಒಂದು ಶಿಷ್ಟರೂಪವನ್ನು ನಂಬಿ ನಿಂತಿರುತ್ತದೆ. ನಮ್ಮ ಕುಂದಗನ್ನಡವನ್ನೇ ನೋಡಿ. ‘ಹೋಯ್ಕ್’, ‘ಬರ್ಕ್’ ಎಂದು ಪದದ ಬಾಲವನ್ನು ಕಡಿದು ಮಾತಾಡುವ ನಮ್ಮ ಮಕ್ಕಳು ಶಾಲೆಗೆ ಹೋದ ಮೊದಲ ದಿನವೇ ‘ಹೋಗಬೇಕು’, ‘ಬರಬೇಕು’ ಎಂದು ಕಲಿಯುತ್ತಾರೆ. 2019ರಿಂದ ಆಸಾಡಿ ಅಮಾವಾಸ್ಯೆಯಂದು ವಿಶ್ವ ಕುಂದಾಪ್ರ ಕನ್ನಡ ದಿನವನ್ನು ಆಚರಿಸುತ್ತಿದ್ದೇವೆ. ಆ ಆಚರಣೆಯ ಬೇರಿನಲ್ಲಿರುವುದು ಇದೇ ನೋವು, ಇದೇ ಅಭಿಮಾನ. ಹೊರನಾಡಿನವನೊಬ್ಬ ಕನ್ನಡದ ಪರೀಕ್ಷೆಯಲ್ಲಿ ಸಿ2 ಪಡೆದು ಬಂದು ನಮ್ಮ ಮೀನುಪೇಟೆಯಲ್ಲಿ ನಿಂತರೆ ಅವನಿಗೆ ಎಷ್ಟು ತಿಳಿದೀತು? ಕೆಬೆಕ್ಕಿಗೆ ಹೋದ ನಮ್ಮವರ ಅನುಭವವೂ ಅದೇ: ಪುಸ್ತಕದಲ್ಲಿ ಕಲಿತ ಪ್ಯಾರಿಸ್ಸಿನ ಉಚ್ಚಾರ ಬೇರೆ, ಅಲ್ಲಿನ ಬಸ್ಸಿನಲ್ಲಿ ಕೇಳುವ ಮಾತು ಬೇರೆ. ಪ್ರಮಾಣಪತ್ರ ಬಾಗಿಲನ್ನು ತೆರೆಯುತ್ತದೆ; ಒಳಗಿರುವ ಮನೆಮಾತನ್ನು ಕಲಿಸುವುದು ಆ ಮನೆಯವರೇ.

ಆದರೆ ಎರಡು ಕನ್ನಡಗಳ ನಡುವೆ ಬೆಳೆದವರಿಗೆ ಇಲ್ಲಿ ಒಂದು ಅನುಕೂಲವೂ ಇದೆ. ಈ ಮೂರು ತಾಲೂಕುಗಳ ನೆಲವೇ ಕೋಟದ ಶಿವರಾಮ ಕಾರಂತರನ್ನು, ಮೊಗೇರಿಯ ಗೋಪಾಲಕೃಷ್ಣ ಅಡಿಗರನ್ನು, ಕುಂದಾಪುರದ ವೈದೇಹಿಯವರನ್ನು ಕನ್ನಡಕ್ಕೆ ಕೊಟ್ಟಿತು. ಕಾರಂತರು ಗಾಂಧೀಜಿಯ ಕರೆಗೆ ಓಗೊಟ್ಟು ಕಾಲೇಜನ್ನೇ ಬಿಟ್ಟವರು. ವೈದೇಹಿಯವರ ಕಥೆಗಳಲ್ಲಿ ಕುಂದಾಪುರದ ಹೆಂಗಸರ ಆಡುಮಾತು ಸಾಹಿತ್ಯವಾಗಿ ನಿಂತಿದೆ. ಮನೆಯ ಮಾತು ಒಂದು, ಶಾಲೆಯ ಮಾತು ಇನ್ನೊಂದು, ಪೇಟೆಯಲ್ಲಿ ಕೊಂಕಣಿ, ಬ್ರಹ್ಮಾವರ ದಾಟಿದರೆ ತುಳು. ಹೀಗೆ ಹೊಸ್ತಿಲು ದಾಟಿದಂತೆ ನಾಲಗೆ ಬದಲಿಸುವ ಅಭ್ಯಾಸ ನಮಗೆ ಹುಟ್ಟಿನಿಂದ ಬಂದದ್ದು. ಇನ್ನೊಂದು ಭಾಷೆಗೆ ಕಿವಿಗೊಡುವ ಧೈರ್ಯ ಅದರಿಂದಲೇ ಬರುತ್ತದೆ. ಫ್ರೆಂಚ್ ಕಲಿಯುವ ಹುಡುಗನಿಗೆ ಕನ್ನಡವನ್ನು ಬಿಟ್ಟುಬಿಡು ಎಂದು ಯಾರಾದರೂ ಹೇಳಿದರೆ ಅದು ಭಾಷಾಶಾಸ್ತ್ರವನ್ನರಿಯದ ಮಾತು.

ನನ್ನ ವಿದ್ಯಾರ್ಥಿನಿ ಆಮೇಲೆ ಏನು ಮಾಡಿದಳೆಂದು ತಾವು ಕೇಳಬಹುದು. ಆರು ತಿಂಗಳು ಓದನ್ನೂ ಬರಹವನ್ನೂ ಬದಿಗಿಟ್ಟು ದಿನವೂ ಫ್ರೆಂಚ್ ಬಾನುಲಿಯ ಸುದ್ದಿಯನ್ನು ಒಂದೇ ಸಲ ಕೇಳಿ, ತಿಳಿದಷ್ಟನ್ನು ಬರೆದಿಡುವ ಅಭ್ಯಾಸ ಮಾಡಿದಳು. ಬಳಿಕ ಟಿಸಿಎಫ್ ಕೆನಡಾಕ್ಕೆ ಕುಳಿತಳು. ಕೇಳುವಿಕೆಯಲ್ಲಿ ಬೇಕಾದಷ್ಟಕ್ಕಿಂತ ಕೊಂಚ ಹೆಚ್ಚೇ ಬಂತು. ಅರ್ಜಿಯ ತೀರ್ಮಾನ ಇನ್ನೂ ಅವರ ಕೈಯಲ್ಲಿದೆ. ಅದು ಭಾಷೆಯೊಂದನ್ನೇ ಅವಲಂಬಿಸಿದ್ದಲ್ಲ. ಡೆಲ್ಫ್‌ಗಾಗಿ ಅವಳು ಪಟ್ಟ ಶ್ರಮ ವ್ಯರ್ಥವಾಗಲಿಲ್ಲ, ಏಕೆಂದರೆ ಕಲಿತ ಭಾಷೆ ಎಲ್ಲಿಗೂ ಹೋಗಲಿಲ್ಲ. ವ್ಯರ್ಥವಾದದ್ದು ಒಂದು ವರ್ಷದ ಕಾಲ. ಅದರೊಡನೆ ಒಬ್ಬ ತಂದೆಯ ನೆಮ್ಮದಿ. ಮೊದಲ ದಿನವೇ ಒಂದು ಪ್ರಶ್ನೆ ಕೇಳಿದ್ದರೆ ಅವೆರಡೂ ಉಳಿಯುತ್ತಿದ್ದವು.

ಆ ಪ್ರಶ್ನೆ ಇಷ್ಟೇ: ಕಾಗದವನ್ನು ಕೇಳುವವರು ಯಾರು? ಅದಕ್ಕೆ ಉತ್ತರ ದೊರೆತ ಮೇಲೆ ಪುಸ್ತಕ ತೆರೆಯಿರಿ. ತೆರೆದ ಮೇಲೆ ಮಾತ್ರ, ದಿನದಲ್ಲಿ ಅರ್ಧ ಗಂಟೆಯಾದರೂ, ಆ ಕಾಗದವನ್ನು ಮರೆತು ಭಾಷೆಯನ್ನು ಭಾಷೆಗಾಗಿಯೇ ಕೇಳಿರಿ. ಪರೀಕ್ಷೆಯಲ್ಲಿಯೂ ಅದೇ ನಿಮ್ಮ ಕೈಹಿಡಿಯುತ್ತದೆ.